ಧಣಿಯ ಸಮಾಧಾನ: ಮಕ್ಕಳ ದುಡಿಮೆಯ ಚರಿತ್ರೆಯಲ್ಲಿ ಯಜಮಾನನ ಮನಸ್ಸು

ಮಕ್ಕಳ ದುಡಿಮೆಯನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರಹಗಳನ್ನು ಓದುವಾಗ ನನಗೆ ಒಂದು ಕೊರತೆ ಕಾಣುತ್ತದೆ. ಅಲ್ಲಿ ಮಗು ಇರುತ್ತದೆ, ಮಗುವಿನ ಬಡ ತಂದೆತಾಯಿ ಇರುತ್ತಾರೆ, ಕುಡುಕ ಅಪ್ಪನಂತೂ ಇದ್ದೇ ಇರುತ್ತಾನೆ, ಕಾನೂನು ಇರುತ್ತದೆ, ಅಂಕಿಅಂಶ ಇರುತ್ತದೆ. ಆದರೆ ಆ ಮಗುವನ್ನು ಕೆಲಸಕ್ಕೆ ಇಟ್ಟುಕೊಂಡವನು ಇರುವುದಿಲ್ಲ. ಇದ್ದರೂ ಸಿನಿಮಾದ ಖಳನಾಯಕನ ಹಾಗೆ ಬಂದು ಹೋಗುತ್ತಾನೆ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಅವನೂ ದೇವರಿಗೆ ಕೈಮುಗಿಯುತ್ತಾನೆ, ರಾತ್ರಿ ಅವನಿಗೆ ಚೆನ್ನಾಗಿಯೇ ನಿದ್ದೆ ಬರುತ್ತದೆ, ತಾನು ತಪ್ಪು ಮಾಡುತ್ತಿದ್ದೇನೆಂದು ಅವನಿಗೆ ಅನ್ನಿಸುವುದೇ ಇಲ್ಲ ಎಂಬ ಸಂಗತಿಯನ್ನು ನಾವು ವಿಚಾರಕ್ಕೆ ತೆಗೆದುಕೊಂಡದ್ದು ಕಡಿಮೆ.

ಯಾಕೆ ಅನ್ನಿಸುವುದಿಲ್ಲ? ಈ ಪ್ರಶ್ನೆಗೆ ಬಡತನದ ಅರ್ಥಶಾಸ್ತ್ರದಲ್ಲಿ ಉತ್ತರವಿಲ್ಲ. ಬಡತನ ಮಗುವನ್ನು ಧಣಿಯ ಬಾಗಿಲಿಗೆ ತಂದು ನಿಲ್ಲಿಸಬಹುದು. ಆದರೆ ಬಾಗಿಲು ತೆಗೆದು ಒಳಕ್ಕೆ ಕರೆದುಕೊಳ್ಳುವ ಕೈ ಬಡತನದ್ದಲ್ಲ. ಅದು ಉಳ್ಳವನ ಕೈ. ಆ ಕೈ ನಡುಗದ ಹಾಗೆ ನೋಡಿಕೊಂಡಿರುವ ವಿಚಾರಗಳು ಯಾವುವು, ಅವು ಎಲ್ಲಿಂದ ಬಂದವು ಎಂದು ಹುಡುಕುವುದು ದಲಿತ ವಿಮರ್ಶೆಯ ಕೆಲಸ ಎಂದು ನಾನು ತಿಳಿದಿದ್ದೇನೆ. ಧಣಿಯ ಸಮಾಧಾನಕ್ಕೂ ಒಂದು ಚರಿತ್ರೆ ಇದೆ. ಅವನು ಸಾಮಾನ್ಯವಾಗಿ ಆಡುವ ನಾಲ್ಕು ಮಾತುಗಳನ್ನು ಇಟ್ಟುಕೊಂಡು ಆ ಚರಿತ್ರೆಯನ್ನು ನೋಡಲು ಇಲ್ಲಿ ಯತ್ನಿಸಿದ್ದೇನೆ.

1

ಮೊದಲನೆಯದು ಉಪಕಾರದ ಮಾತು. ‘ನಾನು ಇಟ್ಟುಕೊಳ್ಳದಿದ್ದರೆ ಆ ಹುಡುಗ ಉಪವಾಸ ಬೀಳುತ್ತಿದ್ದ.’

ನನ್ನ ದೊಡ್ಡಪ್ಪ ಒಂಬತ್ತನೆಯ ವಯಸ್ಸಿಗೆ ಜೀತಕ್ಕೆ ಸೇರಿದವರು. ಅದು 1968ರ ಸುಮಾರು. ಅತ್ತೆಯ ಮದುವೆಗೆ ಅಂತ ನಮ್ಮ ತಾತ ತಂದ ಇನ್ನೂರು ರೂಪಾಯಿಗೆ ದೊಡ್ಡಪ್ಪ ದನ ಕಾಯಲು ನಿಂತರು. ಆ ಮನೆಯ ಬಗ್ಗೆ ಇವತ್ತಿಗೂ ಅವರ ಬಾಯಲ್ಲಿ ಕೆಟ್ಟ ಮಾತು ಬರುವುದಿಲ್ಲ. ‘ಗೌಡ್ರು ಒಳ್ಳೇರೇ ಕಣ್ಲಾ ಮಗ. ಹೊಡ್ದೋರಲ್ಲ, ಬೈದೋರಲ್ಲ. ಉಗಾದಿಗೆ ಚಡ್ಡಿ ಅಂಗಿ ಕೊಡ್ಸೋರು. ಹೊಟ್ಟೆ ತುಂಬಾ ಮುದ್ದೆ ಇಕ್ಕೋರು. ಕೊಟ್ಟಿಗೇಲಿ ಕೂತು ಉಣ್ಬೇಕಿತ್ತು, ಅಷ್ಟೆ’ ಅನ್ನುತ್ತಾರೆ. ಆ ‘ಅಷ್ಟೆ’ಯನ್ನು ಕುರಿತು ನಾನು ಬಹಳ ದಿನ ಯೋಚಿಸಿದ್ದೇನೆ. ಗೌಡರ ಮಗನೂ ಅದೇ ವಯಸ್ಸಿನವನು. ಬೆಳಿಗ್ಗೆ ದನ ಹೊಡೆದುಕೊಂಡು ಹೋಗುವಾಗ ಅವನ ಚೀಲ ಹೊತ್ತುಕೊಂಡು ಶಾಲೆಯ ಬಾಗಿಲ ತನಕ ಬಿಟ್ಟು ಹೋಗುವುದೂ ದೊಡ್ಡಪ್ಪನ ಕೆಲಸವೇ. ಒಂದೇ ದಾರಿಯಲ್ಲಿ ಒಂದೇ ಎತ್ತರದ ಇಬ್ಬರು ಹುಡುಗರು ಹೋಗುವುದು ಗೌಡರಿಗೆ ದಿನಾಲೂ ಕಾಣುತ್ತಿತ್ತು. ಆದರೆ ಅವರ ಕಣ್ಣಿಗೆ ಅಲ್ಲಿದ್ದದ್ದು ಒಂದು ಮಗು ಮತ್ತು ಒಬ್ಬ ಆಳು.

ಇಲ್ಲಿ ಗಮನಿಸಬೇಕಾದದ್ದು, ಗೌಡರ ದಯೆ ಸುಳ್ಳಲ್ಲ ಎಂಬುದನ್ನು. ಆ ದಯೆ ನಿಜವಾಗಿರುವುದರಿಂದಲೇ ವ್ಯವಸ್ಥೆ ಗಟ್ಟಿಯಾಗಿ ನಿಂತಿತ್ತು. ಕೂಲಿಯನ್ನು ಆಳು ಕೇಳಿ ಪಡೆಯಬಹುದು, ಅದಕ್ಕೆ ದಿನದ ಲೆಕ್ಕ ಇರುತ್ತದೆ. ಉಪಕಾರವನ್ನು ಕೇಳಿ ಪಡೆಯುವ ಹಾಗಿಲ್ಲ, ಅದಕ್ಕೆ ಕೊಡುವವನೇ ಅಳತೆ. ಉಗಾದಿಯ ಅಂಗಿಗೆ ಪ್ರತಿಯಾಗಿ ಧಣಿ ಬಯಸುವುದು ಕೆಲಸ ಒಂದನ್ನೇ ಅಲ್ಲ, ಕೃತಜ್ಞತೆಯನ್ನೂ ಬಯಸುತ್ತಾನೆ. ಅರವತ್ತು ದಾಟಿದ ದೊಡ್ಡಪ್ಪ ಆ ಕೃತಜ್ಞತೆಯನ್ನು ಇನ್ನೂ ಕಟ್ಟುತ್ತಲೇ ಇದ್ದಾರೆ. ಸರ್ಕಾರ ಮನ್ನಾ ಮಾಡಿದ್ದು ಇನ್ನೂರು ರೂಪಾಯಿಯನ್ನು ಮಾತ್ರ.

ಉಪಕಾರದ ಈ ಭಾಷೆ ನಮ್ಮ ಹಳ್ಳಿಗಳಲ್ಲಷ್ಟೇ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಹತ್ತಿ ಗಿರಣಿಗಳು ತಲೆಯೆತ್ತಿದ ಕಾಲಕ್ಕೆ ಅನಾಥಾಲಯಗಳಿಂದ ಮಕ್ಕಳನ್ನು ‘ಅಪ್ರೆಂಟಿಸ್’ ಎಂಬ ಹೆಸರಿನಲ್ಲಿ ಕರೆತಂದು ಗಿರಣಿಯಲ್ಲೇ ಇರಿಸಿಕೊಳ್ಳುತ್ತಿದ್ದರು. ಅನ್ನ, ಬಟ್ಟೆ, ಸೂರು ಕೊಟ್ಟು ಕಸುಬು ಕಲಿಸುತ್ತೇವೆ ಎಂಬುದು ಅವರ ಮಾತಾಗಿತ್ತು. 1802ರಲ್ಲಿ ಅಲ್ಲಿ ಬಂದ ಮೊದಲ ಕಾಯ್ದೆಯ ಹೆಸರಿನಲ್ಲಿಯೇ ಆ ಮಕ್ಕಳ ‘ಆರೋಗ್ಯ ಮತ್ತು ನೀತಿ’ ಇತ್ತು. ವ್ಯತ್ಯಾಸವೆಂದರೆ, ಅಲ್ಲಿ ಆ ಮಗು ಬಡವರ ಮಗು. ನಾಳೆ ಬಡತನ ನೀಗಿದರೆ ಅದೂ ಮಗುವಾಗಬಹುದು. ನಮ್ಮಲ್ಲಿ ಆ ಮಗು ಕೊಟ್ಟಿಗೆಯಲ್ಲಿ ಉಣ್ಣುವ ಜಾತಿಯ ಮಗು. ಹೊಟ್ಟೆ ತುಂಬಿದರೂ ಅದರ ಜಾಗ ಕೊಟ್ಟಿಗೆಯೇ.

2

ಎರಡನೆಯದು ಬೆರಳಿನ ಮಾತು. ‘ಈ ಕೆಲಸಕ್ಕೆ ಮಕ್ಕಳ ಬೆರಳೇ ಆಗಬೇಕು.’

ರಾಮನಗರ, ಮಾಗಡಿ, ಕನಕಪುರ ಸೀಮೆಯಲ್ಲಿ ಬೆಳೆದ ನನ್ನಂಥವರಿಗೆ ಇದು ಹೊಸ ಮಾತಲ್ಲ. ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ರೇಷ್ಮೆ ನಮ್ಮ ಕಡೆ ಎಷ್ಟೋ ಮನೆಗಳ ಒಲೆ ಉರಿಸಿದೆ. ಅದರ ಜೊತೆಗೆ, ಗೂಡು ಬೇಯಿಸುವ ಕುದಿನೀರಿನಲ್ಲಿ ಕೈಯಾಡಿಸಿ ಎಳೆ ಹುಡುಕುವ, ಹುರಿ ಮಿಷನ್ನುಗಳ ಸಾಲಿನ ನಡುವೆ ಓಡಾಡಿ ತುಂಡಾದ ಎಳೆಗೆ ಗಂಟು ಹಾಕುವ ಮಕ್ಕಳ ಪೀಳಿಗೆಗಳನ್ನೂ ಅದು ತಿಂದಿದೆ. ಮಾನವ ಹಕ್ಕುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಹ್ಯೂಮನ್ ರೈಟ್ಸ್ ವಾಚ್ ಭಾರತದ ಜೀತದ ಮಕ್ಕಳನ್ನು ಕುರಿತು 1996ರಲ್ಲಿ ಒಂದು ವರದಿಯನ್ನೂ, ರೇಷ್ಮೆ ಉದ್ಯಮವನ್ನೇ ಕುರಿತು 2003ರಲ್ಲಿ ಇನ್ನೊಂದನ್ನೂ ಹೊರತಂದಿತು. ಎರಡನೆಯದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂದ ಹುಳದ ನಾತ, ಸುಲಿದ ಕೈ, ಹತ್ತಾರು ಗಂಟೆ ನಿಂತೇ ಇರುವ ಕಾಲು, ಮತ್ತು ಆ ಮಕ್ಕಳಲ್ಲಿ ದಲಿತರೂ ಮುಸ್ಲಿಮರೂ ಹೆಚ್ಚೆಂಬ ಸಂಗತಿ ಎಲ್ಲವೂ ಅಲ್ಲಿ ದಾಖಲಾಗಿವೆ. ನಮ್ಮ ಕಡೆಯವರಿಗೆ ವರದಿ ಓದದೆಯೂ ಇದು ಗೊತ್ತಿತ್ತು.

ಈ ‘ಎಳೆ ಬೆರಳು’ ಎಂಬ ವಾದದ ವಂಶಾವಳಿ ನೋಡಿದರೆ ಆಶ್ಚರ್ಯವಾಗುತ್ತದೆ. 1833ರ ಇಂಗ್ಲೆಂಡಿನ ಫ್ಯಾಕ್ಟರಿ ಕಾಯ್ದೆ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ನೂಲಿನ ಗಿರಣಿಗಳಿಂದ ಹೊರಗಿಟ್ಟಿತು. ವಿನಾಯಿತಿ ಸಿಕ್ಕಿದ್ದು ಒಂದು ಬಗೆಯ ಗಿರಣಿಗೆ, ಅದು ರೇಷ್ಮೆ ಗಿರಣಿ. ರೇಷ್ಮೆ ನಯವಾದ ಪದಾರ್ಥ, ಅದಕ್ಕೆ ನಯವಾದ ಬೆರಳು ಬೇಕು, ಆ ನಯ ಚಿಕ್ಕಂದಿನಿಂದ ಪಳಗಿದರೆ ಮಾತ್ರ ಬರುತ್ತದೆ ಎಂದು ಅಲ್ಲಿನ ಮಾಲೀಕರು ವಾದಿಸಿದರು. 1867ರಲ್ಲಿ ಮಾರ್ಕ್ಸ್ ತನ್ನ ‘ಕ್ಯಾಪಿಟಲ್’ನಲ್ಲಿ ಈ ವಾದವನ್ನು ಗೇಲಿ ಮಾಡಿದ್ದಾನೆ. ಮ್ಯಾಂಚೆಸ್ಟರಿನ ಕಡೆಯ ಧಣಿಯೂ ಮಾಗಡಿಯ ಧಣಿಯೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಇಬ್ಬರೂ ಒಂದೇ ಮಾತನ್ನು ಆಡಿದರೆಂದರೆ ಅದು ರೇಷ್ಮೆಯ ಗುಣದಿಂದಲ್ಲ, ಲಾಭದ ಗುಣದಿಂದ.

ಈ ವಾದವನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1990ರ ದಶಕದಲ್ಲಿ ಭಾರತದ ಜಮಖಾನೆ ನೇಯ್ಗೆಯನ್ನು ಅಧ್ಯಯನ ಮಾಡಿಸಿತು. ನವಿರಾದ ಗಂಟು ಹಾಕುವುದರಲ್ಲಿ ಮಕ್ಕಳ ಕೈಗೆ ವಿಶೇಷವಾದ ಹೆಚ್ಚುಗಾರಿಕೆ ಏನೂ ಇಲ್ಲವೆಂದು ಅದರಲ್ಲಿ ಕಂಡುಬಂತು. ಹಾಗಾದರೆ ಧಣಿಗೆ ಬೇಕಾಗಿದ್ದು ಏನು? ಬೆರಳಿಗಿಂತ ಹೆಚ್ಚಾಗಿ ಅವನಿಗೆ ಬೇಕಾದದ್ದು ಬಾಯಿ. ಎದುರು ಮಾತಾಡದ, ಸಂಘ ಕಟ್ಟದ, ಹೊಡೆದರೆ ಅತ್ತು ಮತ್ತೆ ಕೆಲಸಕ್ಕೆ ಕೂರುವ ಬಾಯಿ. ಅದನ್ನು ಹೇಳಿಕೊಳ್ಳಲು ಅವನಿಗೂ ನಾಚಿಕೆ, ಅದಕ್ಕೇ ಬೆರಳಿನ ಮಾತು ಮುಂದೆ ಬರುತ್ತದೆ.

ಜಾತಿಯ ದೇಶದಲ್ಲಿ ಈ ವಾದಕ್ಕೆ ಇನ್ನೊಂದು ಬಲವಿದೆ. ಇಂಥ ದೇಹ ಇಂಥ ಕೆಲಸಕ್ಕೆ ಹುಟ್ಟಿದೆ ಎಂದು ನಂಬುವುದಕ್ಕೆ ನಮಗೆ ಯಾವ ಗಿರಣಿ ಮಾಲೀಕನೂ ಕಲಿಸಬೇಕಾಗಿಲ್ಲ. ಮೈಲಿಗೆಯ ಕೆಲಸಕ್ಕೆ ಒಂದು ಮೈ, ಮಂತ್ರಕ್ಕೆ ಒಂದು ಬಾಯಿ ಅಂತ ಮೊದಲೇ ಹಂಚಿಟ್ಟಿರುವ ಸಮಾಜದಲ್ಲಿ ಬೆರಳನ್ನು ಹಂಚುವುದು ಎಷ್ಟರ ಕೆಲಸ?

3

ಮೂರನೆಯದು ಮುಂಗಡದ ಮಾತು. ‘ದುಡ್ಡು ಕೊಟ್ಟಿದೀನಿ ಸ್ವಾಮಿ, ಸುಮ್ನೆ ಬಂದಿಲ್ಲ.’

ಧಣಿಯ ಮನಸ್ಸಿನಲ್ಲಿ ಮುಂಗಡ ಮಾಡುವ ಕೆಲಸ ದೊಡ್ಡದು. ಕೊಟ್ಟ ಗಳಿಗೆಯಿಂದ ಅವನು ಮೋಸಹೋಗಬಹುದಾದವನು, ಮಗುವಿನ ಮನೆಯವರು ಮೋಸ ಮಾಡಬಹುದಾದವರು. ಜ್ವರ ಬಂದು ಮಗು ನಾಲ್ಕು ದಿನ ಮಲಗಿದರೆ ಅವನಿಗೆ ಕಾಣುವುದು ಜ್ವರವಲ್ಲ, ತನ್ನ ನಾಲ್ಕು ದಿನ. ಓಡಿಹೋದ ಮಗುವನ್ನು ಹುಡುಕಿ ಎಳೆದು ತರುವಾಗ ಅವನು ತನ್ನನ್ನು ಅಪರಾಧಿ ಎಂದುಕೊಳ್ಳುವುದಿಲ್ಲ. ತನ್ನ ಹಣ ವಸೂಲು ಮಾಡುವ ಪ್ರಾಮಾಣಿಕ ಎಂದುಕೊಳ್ಳುತ್ತಾನೆ. ಶೋಷಣೆ ಮಾಡುವವನಿಗೆ ಶೋಷಿತನ ನೋವನ್ನೇ ತೊಡಿಸುವ ಉಪಾಯ ಇದು.

ಈ ನಂಬಿಕೆಯನ್ನು ಧಣಿಗೆ ಕಲಿಸಿದವರಲ್ಲಿ ಸರ್ಕಾರವೂ ಸೇರಿದೆ. 1859ರಲ್ಲಿ ಬ್ರಿಟಿಷರು ತಂದ ಕೆಲಸಗಾರರ ಕರಾರು ಉಲ್ಲಂಘನೆಯ ಕಾಯ್ದೆ, ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಕ್ರಿಮಿನಲ್ ಅಪರಾಧಿಯಾಗಿ ಮಾಡಿತು. ಸಾಲ ತೀರಿಸದ ವ್ಯಾಪಾರಿಗೆ ಸಿವಿಲ್ ನ್ಯಾಯಾಲಯ, ಸಾಲ ತೀರಿಸದ ಕೂಲಿಯವನಿಗೆ ಜೈಲು. ಅದನ್ನು ರದ್ದುಪಡಿಸುವ ಕಾಯ್ದೆ ಬಂದದ್ದು 1925ರಲ್ಲಿ. ಅರವತ್ತಾರು ವರ್ಷ ಕಾನೂನೇ ಮುಂಗಡವನ್ನು ಮನುಷ್ಯನ ಮೇಲಿನ ಒಡೆತನ ಅಂತ ಹೇಳುತ್ತಾ ಬಂದರೆ ಧಣಿ ಅದನ್ನು ಮರೆಯಲು ಎಷ್ಟು ವರ್ಷ ಬೇಕು?

1931ರಲ್ಲಿ ವರದಿ ಕೊಟ್ಟ ವಿಟ್ಲಿ ಆಯೋಗ ಬೀಡಿ ಮುಂತಾದ ಸಣ್ಣ ಕಾರ್ಖಾನೆಗಳಲ್ಲಿ ಐದು ವರ್ಷದ ಮಕ್ಕಳು ಹತ್ತು ಹನ್ನೆರಡು ಗಂಟೆ ದುಡಿಯುವುದನ್ನು ಕಂಡಿತು. ತಂದೆತಾಯಿ ಹಣ ಪಡೆದು ಮಕ್ಕಳ ದುಡಿಮೆಯನ್ನು ಅಡವಿಡುವ ಪದ್ಧತಿಯನ್ನೂ ಕಂಡಿತು. ಅದರ ಫಲವಾಗಿ 1933ರಲ್ಲಿ ಮಕ್ಕಳ ದುಡಿಮೆಯ ಅಡವನ್ನು ತಡೆಯುವ ಕಾಯ್ದೆ ಬಂತು. ಅಡವಿಟ್ಟ ತಂದೆತಾಯಿಗೆ 50 ರೂಪಾಯಿಯವರೆಗೆ ದಂಡ, ಇಟ್ಟುಕೊಂಡವನಿಗೆ 200 ರೂಪಾಯಿಯವರೆಗೆ. ಜೈಲು ಇಬ್ಬರಿಗೂ ಇಲ್ಲ. ಕೂಲಿಯವನು ಮುಂಗಡ ಮುರಿದರೆ ಜೈಲಿಗಟ್ಟುತ್ತಿದ್ದ ಸರ್ಕಾರವೇ ಧಣಿ ಮಗುವನ್ನು ಅಡವಿಟ್ಟುಕೊಂಡರೆ ದಂಡ ಕಟ್ಟಿ ಹೋಗು ಅಂದಿತು.

ಈ ಲೆಕ್ಕವನ್ನು ತಿರುಗಿಸಿದ್ದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ. ಜೀತದ ಸಾಲವೆಲ್ಲ ತೀರಿಹೋಯಿತು ಎಂದು ಅದು ಸಾರಿತು, ಧಣಿಗೆ ಮೂರು ವರ್ಷದವರೆಗೆ ಸೆರೆಮನೆ ಎಂದಿತು. ಇದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊರೆಯನ್ನು ಕೊಟ್ಟವನ ಮೇಲೇ ಹಾಕಿತು. ಅದು ದೇವರಾಜ ಅರಸು ಅವರ ಕಾಲ. ದೊಡ್ಡಪ್ಪ ಬಿಡುಗಡೆಯಾದದ್ದೂ ಆಗಲೇ. ಆದರೆ ‘ಜೀತ’ ಎಂಬ ಮಾತು ನಮ್ಮ ಊರುಗಳಿಂದ ಮರೆಯಾಗುತ್ತಾ ಬಂದಂತೆ ಅದರ ಜಾಗದಲ್ಲಿ ‘ಅಡ್ವಾನ್ಸ್’ ಎಂಬ ಮಾತು ಬಂದು ಕೂತಿತು. ಹುರಿ ಕಾರ್ಖಾನೆಗಳು ನಡೆದದ್ದು ಈ ಮಾತಿನ ಮೇಲೆಯೇ.

4

ನಾಲ್ಕನೆಯದು ವಿದ್ಯೆಯ ಮಾತು. ಇದೇ ಉಳಿದ ಮೂರಕ್ಕೂ ತಾಯಿಬೇರು ಎಂದು ನನ್ನ ಗ್ರಹಿಕೆ.

ಒಂದು ಕಾಲಕ್ಕೆ ಹುರಿ ಕಾರ್ಖಾನೆ ನಡೆಸಿ ಈಗ ಮನೆಯಲ್ಲಿರುವ ಹಿರಿಯರೊಬ್ಬರನ್ನು ನಾನು ಮಾತಾಡಿಸಿದ್ದೆ. ಸಜ್ಜನರು. ಕಾಫಿ ಕೊಟ್ಟು ಕೂರಿಸಿ ಮಾತಾಡಿದರು. ‘ನಾನೇನು ಬಾ ಅಂತ ಕರೆದಿದ್ನಾ ಮೇಷ್ಟ್ರೆ? ಅವರವ್ವಂದಿರೇ ತಂದು ಬಿಡೋರು. ನನ್ನ ಮಕ್ಕಳ ಥರಾನೇ ನೋಡ್ಕಂಡಿದೀನಿ’ ಎಂದರು. ನಿಮ್ಮ ಮಗನೂ ಮಿಷನ್ ಹತ್ತಿರ ನಿಲ್ಲುತ್ತಿದ್ದನಾ ಎಂದು ಕೇಳಿದೆ. ‘ಅವನ್ಯಾಕೆ ನಿಲ್ತಾನೆ? ಅವನು ಕಾನ್ವೆಂಟಲ್ಲಿ ಓದ್ತಿದ್ದ’ ಎಂದರು. ಒಂದು ನಿಮಿಷದೊಳಗೆ ಆಡಿದ ಈ ಎರಡು ಮಾತುಗಳಿಗೂ ಜಗಳವಿದೆ ಎಂದು ಅವರಿಗೆ ಅನ್ನಿಸಲಿಲ್ಲ. ನಾನು ಯಾವ ಕೇರಿಯವನು ಅಂತ ಅವರಿಗೆ ಗೊತ್ತಿತ್ತು. ಏಳುವಾಗ ಪ್ರೀತಿಯಿಂದಲೇ ಹೇಳಿದರು: ‘ನಿಮ್ಮಂಥೋರು ಓದಿ ಮುಂದಕ್ಕೆ ಬಂದ್ರಿ, ಸಂತೋಷ. ಆದ್ರೆ ಎಲ್ರಿಗೂ ಹತ್ತುತ್ತಾ ವಿದ್ಯೆ?’

ಅಮೆರಿಕದ ವಿದ್ವಾಂಸ ಮೈರನ್ ವೀನರ್ 1991ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಭಾರತದ ಅಧಿಕಾರಿಗಳು, ಮೇಷ್ಟರು, ಉದ್ಯಮಿಗಳು ಮುಂತಾದವರನ್ನು ಮಾತಾಡಿಸಿ ಒಂದು ತೀರ್ಮಾನಕ್ಕೆ ಬಂದರು. ಇಲ್ಲಿ ಮಕ್ಕಳ ದುಡಿಮೆ ಉಳಿದಿರುವುದಕ್ಕೆ ಬಡತನಕ್ಕಿಂತ ದೊಡ್ಡ ಕಾರಣ ತಲೆಯಿಂದ ದುಡಿಯುವವರು ಬೇರೆ, ಕೈಯಿಂದ ದುಡಿಯುವವರು ಬೇರೆ ಎಂಬ ನಂಬಿಕೆ ಎನ್ನುವುದು ಅವರ ವಾದ. ಈ ಪುಸ್ತಕ ದೊಡ್ಡ ಚರ್ಚೆ ಎಬ್ಬಿಸಿತು. ಆದರೆ ಈ ಮಾತನ್ನು ನಾವು ಮೊದಲು ಕೇಳಬೇಕಾದದ್ದು ಅಲ್ಲಿಂದಲ್ಲ. 1882ರಲ್ಲಿ ಹಂಟರ್ ಆಯೋಗಕ್ಕೆ ಕೊಟ್ಟ ಮನವಿಯಲ್ಲಿ ಜೋತಿಬಾ ಫುಲೆ, ರೈತರ ಬೆವರಿನ ಕಂದಾಯದಿಂದ ಮೇಲ್ಜಾತಿಯವರ ಉನ್ನತ ಶಿಕ್ಷಣ ನಡೆಯುತ್ತಿರುವುದನ್ನು ಬಯಲಿಗೆಳೆದು, ಕನಿಷ್ಠ ಹನ್ನೆರಡು ವರ್ಷದವರೆಗೆ ಶಿಕ್ಷಣ ಕಡ್ಡಾಯವಾಗಬೇಕೆಂದು ಕೇಳಿದರು. ಅದಕ್ಕೆ ಒಂದು ವರ್ಷ ಹಿಂದೆ, 1881ರಲ್ಲಿ, ಬಂದಿದ್ದ ಫ್ಯಾಕ್ಟರಿ ಕಾಯ್ದೆ ಏಳು ವರ್ಷ ತುಂಬಿದ ಮಗು ದಿನಕ್ಕೆ ಒಂಬತ್ತು ಗಂಟೆ ದುಡಿಯಬಹುದು ಎಂದಿತ್ತು. ಫುಲೆ ಯಾವ ಕಾಲದಲ್ಲಿ ಏನು ಕೇಳಿದರು ಎಂಬುದು ಇದರಿಂದ ತಿಳಿಯುತ್ತದೆ. 1911ರಲ್ಲಿ ಗೋಖಲೆ ಮಂಡಿಸಿದ ಪ್ರಾಥಮಿಕ ಶಿಕ್ಷಣದ ಮಸೂದೆ ಬಹಳ ಸೌಮ್ಯವಾದದ್ದು. ಅದನ್ನೂ 1912ರಲ್ಲಿ 38ಕ್ಕೆ 13 ಮತಗಳಿಂದ ಸೋಲಿಸಲಾಯಿತು.

ಸಂವಿಧಾನ ಸಭೆಯಲ್ಲಿ 1948ರ ನವೆಂಬರ್ 23ರಂದು ನಡೆದ ಚರ್ಚೆಯನ್ನು ಈ ಚರಿತ್ರೆಯ ಮುಂದೆ ಇಟ್ಟು ಓದಬೇಕು. ಹದಿನಾಲ್ಕು ವರ್ಷದವರೆಗಿನ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ಪ್ರಾಥಮಿಕ ಹಂತಕ್ಕೆ ಮಿತಿಗೊಳಿಸಬೇಕೆಂಬ ತಿದ್ದುಪಡಿ ಬಂತು. ಅಂಬೇಡ್ಕರ್ ಒಪ್ಪಲಿಲ್ಲ. ಹದಿನಾಲ್ಕರೊಳಗಿನ ಮಗುವನ್ನು ದುಡಿಮೆಗೆ ಹಚ್ಚಬಾರದೆಂದು ಇನ್ನೊಂದು ವಿಧಿಯಲ್ಲಿ ಹೇಳಿದ್ದೇವೆ, ಹಾಗಿದ್ದ ಮೇಲೆ ಆ ವಯಸ್ಸಿನವರೆಗೂ ಮಗು ಶಾಲೆಯಲ್ಲಿ ಇರಲೇಬೇಕು ಎಂಬುದು ಅವರ ಉತ್ತರದ ತಿರುಳು. ದುಡಿಮೆ ಮತ್ತು ಶಾಲೆಯನ್ನು ಒಂದೇ ವಯಸ್ಸಿನ ಗೆರೆಯಿಂದ ಕಟ್ಟಿದ ಈ ತರ್ಕ ಎಲ್ಲ ಜಾತಿಯ ಮಕ್ಕಳಿಗೂ ಬಾಲ್ಯದ ಅಳತೆ ಒಂದೇ ಎಂದು ಹೇಳುವ ತರ್ಕ. ಧಣಿಯ ಸಮಾಧಾನದ ಬುಡಕ್ಕೆ ಬಿದ್ದ ನಿಜವಾದ ಕೊಡಲಿ ಪೆಟ್ಟು ಇದು. ಶಿಕ್ಷಣ ಮೂಲಭೂತ ಹಕ್ಕಾಗಲು 2002ರ ತಿದ್ದುಪಡಿಯವರೆಗೆ, ಅದರ ಕಾಯ್ದೆ ಜಾರಿಗೆ ಬರಲು 2010ರವರೆಗೆ ಕಾಯಬೇಕಾಯಿತು.

ಈ ನಡುವೆ ಕಾನೂನು ಇನ್ನೊಂದು ಕಿಂಡಿಯನ್ನು ತೆರೆದೇ ಇಟ್ಟಿತ್ತು. 1938ರ ಕಾಯ್ದೆ ಮನೆಮಂದಿಯೇ ನಡೆಸುವ ಕಾರ್ಖಾನೆಗೆ ವಿನಾಯಿತಿ ಕೊಟ್ಟಿತು. 1986ರ ಕಾಯ್ದೆಯೂ ಕೊಟ್ಟಿತು. 2016ರ ತಿದ್ದುಪಡಿ ಹದಿನಾಲ್ಕರೊಳಗಿನವರ ದುಡಿಮೆಯನ್ನು ಎಲ್ಲ ಕಡೆ ನಿಷೇಧಿಸಿದರೂ, ಶಾಲೆಯ ಸಮಯ ಬಿಟ್ಟು ಕುಟುಂಬದ ಕಸುಬಿನಲ್ಲಿ ನೆರವಾಗಬಹುದು ಎಂದು ಮತ್ತೆ ಹೇಳಿತು. ಚಿಕ್ಕಪ್ಪ, ಸೋದರಮಾವ, ಅತ್ತೆ, ಚಿಕ್ಕಮ್ಮ ಎಲ್ಲರೂ ಕುಟುಂಬವೇ. ಇದನ್ನು ಸಮರ್ಥಿಸಿದವರು ಕಸುಬು ಕಲಿಯುವುದು ನಮ್ಮ ಸಂಸ್ಕೃತಿ ಅಂದರು. ಯಾರ ಮಗು ಯಾವ ಕಸುಬನ್ನು ಕಲಿಯುತ್ತದೆ ಎಂದು ಕೇಳಿದರೆ ಈ ಸಂಸ್ಕೃತಿಯ ಒಳಹುರುಳು ಬಯಲಾಗುತ್ತದೆ. ಚಪ್ಪಲಿ ಹೊಲಿಯುವವನ ಮಗು ಶಾಲೆ ಬಿಟ್ಟ ಮೇಲೆ ಚಪ್ಪಲಿ ಹೊಲಿಯುವುದನ್ನು ಕಲಿಯುತ್ತದೆ. ವಕೀಲರ ಮಗು ಟ್ಯೂಷನ್ನಿಗೆ ಹೋಗುತ್ತದೆ. ಜಾತಿಯೆಂದರೆ ಕೆಲಸದ ವಿಭಜನೆ ಮಾತ್ರವಲ್ಲ, ಕೆಲಸಗಾರರನ್ನೇ ವಿಭಜಿಸುವ ಏರ್ಪಾಡು ಎಂದು ಅಂಬೇಡ್ಕರ್ 1936ರಲ್ಲಿ ಹೇಳಿದ್ದನ್ನು ಇಲ್ಲಿ ನೆನೆಯಬೇಕು. ಆ ವಿಭಜನೆ ಶುರುವಾಗುವುದೇ ಬಾಲ್ಯದಲ್ಲಿ.

5

ಹಾಗಾದರೆ ಧಣಿ ಯಾರು? ಮೇಲ್ಜಾತಿಯ ಭೂಮಾಲೀಕ ಎಂದು ಹೇಳಿ ಮುಗಿಸಿಬಿಟ್ಟರೆ ನಾವೂ ಸುಲಭದ ದಾರಿ ಹಿಡಿದಂತೆ. ರೇಷ್ಮೆ ಸೀಮೆಯಲ್ಲಿ ನಾಲ್ಕು ಒಲೆ ಇಟ್ಟುಕೊಂಡು ತಾನೂ ಕುದಿನೀರಿಗೆ ಕೈ ಹಾಕುವ, ತಾನೂ ಸಾಲದಲ್ಲಿರುವ ಸಣ್ಣ ಧಣಿಗಳನ್ನು ನಾನು ಕಂಡಿದ್ದೇನೆ. ಅವರಲ್ಲಿ ಹಿಂದುಳಿದವರೂ ಇದ್ದಾರೆ, ಅಲ್ಪಸಂಖ್ಯಾತರೂ ಇದ್ದಾರೆ. ಅಂಬೇಡ್ಕರ್ ಹೇಳಿದ ಶ್ರೇಣೀಕೃತ ಅಸಮಾನತೆ ಇಲ್ಲಿ ಅರ್ಥವಾಗುತ್ತದೆ. ಮೇಲಿನಿಂದ ತುಳಿಸಿಕೊಂಡವನಿಗೂ ತುಳಿಯಲು ಕೆಳಗೆ ಒಬ್ಬ ಸಿಗುವ ಏರ್ಪಾಡು ಅದು. ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿ ದಲಿತರ ಮಗು ಕೂತಿರುತ್ತದೆ.

ಧಣಿ ಕಾರ್ಖಾನೆಯಲ್ಲಷ್ಟೇ ಇಲ್ಲ. ಮನೆಗೆಲಸಕ್ಕೆ, ಹೋಟೆಲು ಡಾಬಾಗಳಿಗೆ ಮಕ್ಕಳನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸಿದ ಆದೇಶ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅಂದರೆ 1986ರ ಕಾಯ್ದೆ ಬಂದ ಇಪ್ಪತ್ತು ವರ್ಷಗಳ ಕಾಲ ಕಾನೂನು ಮಾಡುವವರ, ಓದಿಸುವವರ, ಬರೆಯುವವರ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದ ಹುಡುಗಿ ಕಾನೂನಿನ ಕಣ್ಣಿಗೆ ಬಿದ್ದಿರಲಿಲ್ಲ. ಆದೇಶ ಬಂದ ಮೇಲೂ ಮಾತು ಬದಲಾಗಿಲ್ಲ. ಸ್ಟಾಫ್ ರೂಮಿನಲ್ಲಿ ‘ಊರಿಂದ ಒಂದು ಹುಡುಗಿ ಕರ್ಕೊಂಡು ಬಂದಿದೀವಿ, ನಮ್ಮನೆ ಮಗು ಥರಾನೇ ಇದೆ’ ಅನ್ನುವುದನ್ನು ನಾನೇ ಕೇಳಿದ್ದೇನೆ. ಹಾಗೆ ಹೇಳಿದವರು ತರಗತಿಯಲ್ಲಿ ಸಾಮಾಜಿಕ ನ್ಯಾಯವನ್ನು ಚೆನ್ನಾಗಿಯೇ ಪಾಠ ಮಾಡುವವರು. ಓದಿ ಮುಂದೆ ಬಂದ ನಮ್ಮವರ ಮನೆಗಳೂ ಈ ಮಾತನ್ನು ಕಲಿಯದಂತೆ ಎಚ್ಚರವಾಗಿರಬೇಕು. ಜಾತಿ ಬದಲಾಗದಿದ್ದರೂ ಧಣಿಯ ಭಾಷೆ ಬೇಗ ಬಾಯಿಗೆ ಹತ್ತುತ್ತದೆ.

ನಮ್ಮ ಸಾಹಿತ್ಯ ವಿಮರ್ಶೆಗೂ ಇಲ್ಲಿ ಕೆಲಸವಿದೆ. ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ, ಮಕ್ಕಳ ಅಡವಿನ ಕಾಯ್ದೆ ಬಂದ ವರ್ಷವೇ. ಚೋಮನ ಇಬ್ಬರು ಹಿರಿಯ ಮಕ್ಕಳು ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗುತ್ತಾರೆ. ಆ ಕಾದಂಬರಿಯಲ್ಲಿ ಚೋಮನ ಬೇಸಾಯದ ಆಸೆಯನ್ನು, ಅವನ ದುರಂತವನ್ನು ನಾವು ಎಷ್ಟೋ ಸಲ ಓದಿದ್ದೇವೆ. ತೋಟದ ಸಾಲದ ಪುಸ್ತಕವನ್ನು, ಅದನ್ನು ಬರೆದಿಟ್ಟುಕೊಂಡವನ ನೆಮ್ಮದಿಯನ್ನು ಅಷ್ಟು ಓದಿಲ್ಲ. ದಲಿತ ಪಾತ್ರದ ನೋವಿಗೆ ಮರುಗುವುದನ್ನೇ ವಿಮರ್ಶೆ ಅಂದುಕೊಂಡರೆ ಓದುಗ ಉಪಕಾರಿಯಾಗಿಯೇ ಉಳಿಯುತ್ತಾನೆ. ನೋವು ಕೊಟ್ಟವನ ಲೆಕ್ಕಪುಸ್ತಕ ತೆರೆಸುವ ಓದು ನಮಗೆ ಬೇಕು.

1996ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟು, ಅಪಾಯಕಾರಿ ಕೆಲಸಕ್ಕೆ ಇಟ್ಟುಕೊಂಡ ಪ್ರತಿ ಮಗುವಿಗೂ ಧಣಿ 20,000 ರೂಪಾಯಿ ಪರಿಹಾರ ಕಟ್ಟಬೇಕೆಂದು ತೀರ್ಪು ಕೊಟ್ಟಿತು. ಲೆಕ್ಕ ಧಣಿಯ ಕಡೆಗೆ ತಿರುಗಿದ ದೊಡ್ಡ ಗಳಿಗೆ ಅದು. ಮೇಲೆ ಹೇಳಿದ ಹಿರಿಯರಿಗೆ ಆ ತೀರ್ಪು ಚೆನ್ನಾಗಿ ನೆನಪಿದೆ. ‘ಜೀಪ್ ಬಂತು ಅಂದ್ರೆ ಹಿಂದಿನ ಬಾಗಿಲಿಂದ ಹೈಕಳನ್ನ ಓಡಿಸ್ತಿದ್ವಿ’ ಎಂದು ನಕ್ಕರು. ದಂಡದ ಭಯ ಮಕ್ಕಳನ್ನು ಹಿಂದಿನ ಬಾಗಿಲಿಗೆ ತಂದಿತ್ತೇ ಹೊರತು ಶಾಲೆಯ ಬಾಗಿಲಿಗೆ ತಂದಿರಲಿಲ್ಲ. ಕಾನೂನು ಬೇಡವೆಂದು ನಾನು ಹೇಳುತ್ತಿಲ್ಲ. 1976ರ ಕಾನೂನಿಲ್ಲದಿದ್ದರೆ ನಮ್ಮ ಮನೆಯಲ್ಲಿ ನಾನು ಓದುವ ಪ್ರಶ್ನೆಯೇ ಬರುತ್ತಿರಲಿಲ್ಲವೇನೋ. ಆದರೆ ಕಾನೂನಿಗೆ ಹೆದರುವ ಧಣಿಗೆ ತಾನು ಮಾಡುತ್ತಿರುವುದು ತಪ್ಪೆಂದು ಅನ್ನಿಸುವಂತಾಗಬೇಕಾದರೆ ಅವನ ಮನಸ್ಸಿನಲ್ಲಿರುವ ಎರಡು ಬಾಲ್ಯಗಳು ಒಂದಾಗಬೇಕು.

2011ರ ಜನಗಣತಿ ಐದರಿಂದ ಹದಿನಾಲ್ಕು ವರ್ಷದ ದುಡಿಯುವ ಮಕ್ಕಳು ದೇಶದಲ್ಲಿ 1.01 ಕೋಟಿ ಇದ್ದಾರೆಂದು ಎಣಿಸಿತು. ಇವರಲ್ಲಿ ಸ್ವಂತ ಹೊಲಮನೆಯಲ್ಲಿ ದುಡಿಯುವವರೂ ಇದ್ದಾರೆ, ನಿಜ. ಉಳಿದವರನ್ನು ಯಾರೋ ಇಟ್ಟುಕೊಂಡಿದ್ದಾರೆ. ಮಗುವಿನ ವಯಸ್ಸು ಕೇಳಿ ಬರೆದುಕೊಂಡ ಆ ಗಣತಿಯಲ್ಲಿ, ಇಟ್ಟುಕೊಂಡವನು ಯಾರು, ಅವನ ಮಕ್ಕಳು ಎಷ್ಟನೇ ಕ್ಲಾಸಿನಲ್ಲಿ ಓದುತ್ತಿದ್ದಾರೆ ಎಂದು ಬರೆಯುವ ಕಾಲಂ ಇರಲಿಲ್ಲ. ಆ ಪ್ರಶ್ನೆಯನ್ನು ಇನ್ನು ನಾವೇ ಕೇಳಬೇಕು.